ಗಾಬರಿಗೆ ಕೊಟ್ಟ ದುಡ್ಡು

ನೀಲ್ ದ್ವೀಪದ ಜೆಟ್ಟಿಯಲ್ಲಿ ಹಡಗಿನಿಂದ ಇಳಿಯುವಾಗ ಎಲ್ಲರ ಕೈಯಲ್ಲೂ ಮೊಬೈಲ್ ಇತ್ತು, ನಮ್ಮ ಅತ್ತೆಯ ಕೈಯಲ್ಲಿ ಸ್ಟೀಲ್ ಡಬ್ಬಿ. ಬೆಂಗಳೂರು ಬಿಟ್ಟಾಗಿನಿಂದ ಅದನ್ನು ಅವರು ಯಾರ ಕೈಗೂ ಕೊಟ್ಟಿರಲಿಲ್ಲ. ಒಳಗೆ ಕಡಲೆಬೀಜ, ಕೊಬ್ಬರಿ ಚೂರು ಹಾಕಿ ಹುರಿದ ಖಾರದವಲಕ್ಕಿ. ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಎರಡು ಕಿಲೋ ಸೋನಾ ಮಸೂರಿ, ಇವೆಲ್ಲದರ ನಡುವೆ ಟವೆಲ್ ಸುತ್ತಿಕೊಂಡು ಮಲಗಿದ್ದ ಪುಟ್ಟ ಎಲೆಕ್ಟ್ರಿಕ್ ಕುಕ್ಕರ್. ನನ್ನ ಗಂಡನಿಗೆ ಇದು ಮರ್ಯಾದೆಯ ಪ್ರಶ್ನೆ. "ಅಮ್ಮ, ನಾವು ಹೋಗ್ತಿರೋದು ಅಂಡಮಾನಿಗೆ, ಧರ್ಮಸ್ಥಳಕ್ಕಲ್ಲ" ಎಂದು ಪ್ಯಾಕ್ ಮಾಡುವಾಗಲೇ ರೇಗಿದ್ದರು. "ಧರ್ಮಸ್ಥಳಕ್ಕಾಗಿದ್ರೆ ಇದ್ಯಾವುದೂ ಬೇಕಿರ್ಲಿಲ್ಲ ಕಣೋ. ಅಲ್ಲಿ ಅವರೇ ಕೂರಿಸಿ ಊಟ ಹಾಕ್ತಾರೆ" ಎಂದರು ಅತ್ತೆ.

ಆಗ ನಕ್ಕು ಸುಮ್ಮನಾಗಿದ್ದೆ. ಆಮೇಲೆ ಯೋಚಿಸಿದಾಗ, ಅಮ್ಮ ಮಗ ಇಬ್ಬರೂ ಒಂದೇ ಗಾಬರಿಯಿಂದ ಮಾತಾಡುತ್ತಿದ್ದರು ಅನ್ನಿಸಿತು. ಗೊತ್ತಿಲ್ಲದ ಊರಿನಲ್ಲಿ ಮೊಮ್ಮಕ್ಕಳು ಹಸಿದುಬಿಟ್ಟರೆ ಎಂಬ ದಿಗಿಲು ಅವರದು. ಇಷ್ಟು ದೂರ ಕರೆದುಕೊಂಡು ಹೋಗಿ ಮಕ್ಕಳಿಗೆ ಏನಾದರೂ ಕಡಿಮೆಯಾದರೆ ಎಂಬ ಅಳುಕು ಇವರದು. ಒಬ್ಬರು ಅದಕ್ಕೆ ಲಗೇಜಿನಲ್ಲಿ ಬೆಲೆ ತೆರುತ್ತಾರೆ, ಇನ್ನೊಬ್ಬರು ರೂಪಾಯಿಯಲ್ಲಿ. ಕುಟುಂಬ ಪ್ರವಾಸದಲ್ಲಿ ಅಂದಾಜು ಮೀರಿ ಖರ್ಚಾಗುವ ದುಡ್ಡಿನಲ್ಲಿ ಬಹುಪಾಲು ಹೊಟ್ಟೆಗೂ ಹೋಗುವುದಿಲ್ಲ, ಮೋಜಿಗೂ ಹೋಗುವುದಿಲ್ಲ, ಈ ಗಾಬರಿಗೆ ಹೋಗುತ್ತದೆ. ಹಾಗಾಗಿ ಉಳಿತಾಯದ ದಾರಿಯನ್ನು ಜಿಪುಣತನದಲ್ಲಿ ಹುಡುಕಿ ಪ್ರಯೋಜನವಿಲ್ಲ, ಹೋಗುವ ಜಾಗದ ಬಗ್ಗೆ ನಾಲ್ಕು ಸಂಗತಿ ತಿಳಿದುಕೊಳ್ಳುವುದರಲ್ಲಿ ಹುಡುಕಬೇಕು ಎಂಬುದು ನನ್ನ ವಾದ.

ಅಂಡಮಾನಿನ ಉದಾಹರಣೆ ತೆಗೆದುಕೊಳ್ಳಲು ಕಾರಣವಿದೆ. ನಮ್ಮ ಕಡೆಯಿಂದ ಅಲ್ಲಿಗೆ ಹೋಗುವವರಲ್ಲಿ ಎಲ್‌ಟಿಸಿ ಮೇಲೆ ಹೋಗುವ ಕೇಂದ್ರ ಸರ್ಕಾರಿ ನೌಕರರ ಕುಟುಂಬಗಳು ಸಾಕಷ್ಟಿವೆ. ನಮ್ಮದೂ ಹಾಗೆಯೇ. ಎಲ್‌ಟಿಸಿ ಕೊಡುವುದು ಪ್ರಯಾಣದ ಟಿಕೆಟ್ಟಿನ ದುಡ್ಡನ್ನು ಮಾತ್ರ. ವಿಮಾನ ಇಳಿದ ಮೇಲಿನ ಊಟ, ವಸತಿ, ತಿರುಗಾಟ ಎಲ್ಲವೂ ನಮ್ಮ ಜೇಬಿನದು. 'ಹೋಗಿಬರೋದು ಫ್ರೀ ತಾನೇ' ಎಂಬ ಉದಾರ ಮನಸ್ಸಿನಲ್ಲಿ ಇಳಿದವರು ಅಲ್ಲಿನ ಮೊದಲ ಮೆನು ಕಾರ್ಡ್ ನೋಡಿ ಕಣ್ಣುಜ್ಜಿಕೊಳ್ಳುತ್ತಾರೆ.

ಮೆನು ಕಾರ್ಡ್ ಹಾಗಿರುವುದಕ್ಕೆ ಕಾರಣ ಭೂಗೋಳದಲ್ಲಿದೆ. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯ ಪುರಂ ಎಂದು ಹೆಸರಿಟ್ಟಿದ್ದಾರೆ. ಜನರ ಬಾಯಲ್ಲಿ ಇನ್ನೂ ಹಳೆಯದೇ. ಅದು ಚೆನ್ನೈಯಿಂದ ಸಮುದ್ರದ ಮೇಲೆ ಸುಮಾರು 1,200 ಕಿಲೋಮೀಟರ್ ದೂರ. ಅಕ್ಕಿ, ಬೇಳೆ, ಎಣ್ಣೆ, ಅಡುಗೆ ಅನಿಲ ಬಹುಪಾಲು ಹಡಗಿನಲ್ಲೇ ಬರಬೇಕು. ಅಲ್ಲಿಂದ ಹ್ಯಾವ್ಲಾಕ್‌ಗೋ ನೀಲ್‌ಗೋ ಹೋಗಬೇಕಾದರೆ ಇನ್ನೊಮ್ಮೆ ಹಡಗು ಹತ್ತಬೇಕು. ಕಾಗದದ ಮೇಲೆ ಆ ಎರಡು ದ್ವೀಪಗಳು 2018ರಿಂದ ಸ್ವರಾಜ್ ದ್ವೀಪ್ ಮತ್ತು ಶಹೀದ್ ದ್ವೀಪ್. ಇಷ್ಟು ಸಲ ಇಳಿಸಿ ಹತ್ತಿಸಿಕೊಂಡು ಬಂದ ಪನೀರ್ ಅಲ್ಲಿ ಪನೀರಿನ ಬೆಲೆಗೆ ಸಿಗುವುದಿಲ್ಲ. ಚೀಸ್, ಕಾರ್ನ್‌ಫ್ಲೇಕ್ಸ್, ಸೇಬು ಎಲ್ಲದರ ಕಥೆಯೂ ಇದೇ. ಹಡಗು ಹತ್ತದ ಪದಾರ್ಥಗಳೂ ಇವೆ. ಮೀನು, ತೆಂಗು, ಬಾಳೆ, ಪರಂಗಿ ಅಲ್ಲಿಯದೇ. ನೀಲ್ ದ್ವೀಪವಂತೂ ಸುತ್ತಲಿನ ದ್ವೀಪಗಳಿಗೆಲ್ಲ ತರಕಾರಿ ಬೆಳೆದು ಕೊಡುವ ಜಾಗ. ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳು ಅಲ್ಲಿ ಬದನೆ, ಬೆಂಡೆ, ಕುಂಬಳ, ಸೊಪ್ಪು ಬೆಳೆಯುತ್ತವೆ.

ನಾವು ಸಸ್ಯಾಹಾರಿಗಳು. 'ವೆಜ್ ಏನೂ ಸಿಗಲ್ಲವಂತೆ' ಎಂಬ ಭಯ ನಮ್ಮಂಥವರನ್ನು ನೇರವಾಗಿ ರೆಸಾರ್ಟಿನ ಪನೀರ್ ಬಟರ್ ಮಸಾಲದ ಮುಂದೆ ತಂದು ಕೂರಿಸುತ್ತದೆ. ನೀಲ್ ಬಜಾರಿನಲ್ಲಿ ತಗಡಿನ ಮಾಡಿನ ಒಂದು ಹೋಟೆಲಿತ್ತು. ನಾಲ್ಕು ಮೇಜು, ಒಲೆಯ ಮುಂದೆ ನಲವತ್ತು ದಾಟಿದ ಬಂಗಾಳಿ ಹೆಂಗಸು. ಎಲ್ಲರಿಗೂ ಅವರು ದೀದಿ. ಅತ್ತೆ ಹೊಸ್ತಿಲಲ್ಲೇ ನಿಂತರು. ಮೀನು ಬೇಯಿಸಿದ ಪಾತ್ರೆಯಲ್ಲೇ ನಮಗೂ ಮಾಡಿದರೆ? ಕನ್ನಡವೂ ಅಲ್ಲದ ಹಿಂದಿಯೂ ಅಲ್ಲದ ಭಾಷೆಯಲ್ಲಿ, ಹೆಚ್ಚಾಗಿ ಕೈಯಲ್ಲೇ, ವಿಚಾರಣೆ ನಡೆಯಿತು. ದೀದಿ ನಗುತ್ತ ಮೂಲೆಯ ಕಪಾಟು ತೆಗೆದು ಬೇರೆ ಬಾಣಲೆ, ಬೇರೆ ಸೌಟು ತೋರಿಸಿದರು. ತಮ್ಮ ಅತ್ತೆಯೂ ಮೀನು ಮುಟ್ಟುವುದಿಲ್ಲವೆಂದೂ ಅವರಿಗೆಂದು ಇಟ್ಟ ಪಾತ್ರೆಗಳು ಇವೆಂದೂ ಹೇಳಿದರು. ಆ ಮೇಲೆ ಬಂದದ್ದು ಅನ್ನ, ತೆಳ್ಳಗಿನ ಬೇಳೆ, ಕೆಂಪು ಹರಿವೆ ಸೊಪ್ಪಿನ ಪಲ್ಯ, ಅರಿಸಿನ ಉಪ್ಪು ಸವರಿ ಎಣ್ಣೆಯಲ್ಲಿ ಹೊರಳಾಡಿಸಿದ ದಪ್ಪ ಬದನೆಕಾಯಿ ಹೋಳು. ಆ ಹೋಳಿನ ಅಂಚು ಗರಿಗರಿ, ನಡುವೆ ಬೆಣ್ಣೆ. ಐದು ಜನ ಉಂಡದ್ದಕ್ಕೆ ಕೊಟ್ಟದ್ದು, ಮುಂದೆ ಹ್ಯಾವ್ಲಾಕ್‌ನ ರೆಸಾರ್ಟಿನಲ್ಲಿ ಎರಡು ಪಾಸ್ತಾಗೆ ಕೊಟ್ಟದ್ದಕ್ಕಿಂತ ಕಡಿಮೆ. ಪಾಸ್ತಾ ಮಕ್ಕಳು ಅರ್ಧ ಬಿಟ್ಟರು.

ಆದರೆ ದೀದಿಯ ಹೋಟೆಲು ನಮಗೆ ಸಿಕ್ಕಿದ್ದು ಮೂರನೆಯ ದಿನ. ಮೊದಲೆರಡು ದಿನ ಕುಕ್ಕರ್ ಆಳಿತು. ಉಳಿತಾಯದ ಮಾತು ಬಂದಾಗೆಲ್ಲ 'ಅಡುಗೆಮನೆ ಇರುವ ಹೋಮ್‌ಸ್ಟೇ ತೆಗೆದುಕೊಳ್ಳಿ, ನೀವೇ ಮಾಡಿಕೊಂಡು ತಿನ್ನಿ' ಎಂಬ ಸಲಹೆ ಮೊದಲು ಬರುತ್ತದೆ. ಈ 'ನೀವೇ' ಯಾರು? ಮೊದಲ ರಾತ್ರಿ ಅತ್ತೆ ಅನ್ನಕ್ಕಿಟ್ಟರು, ನಾನು ಗೊಜ್ಜು ಕಲಸಿದೆ, ಉಂಡಾದ ಮೇಲೆ ಬಚ್ಚಲುಮನೆಯ ಕೈತೊಳೆಯುವ ಬೇಸಿನ್ನಿನಲ್ಲಿ ಕುಕ್ಕರಿನ ತಳಕ್ಕೆ ಹತ್ತಿದ ಅನ್ನ ಉಗುರಿನಲ್ಲಿ ಕೆರೆದೆ. ಹೊರಗೆ ಜಗಲಿಯಲ್ಲಿ ಗಂಡ ಮಕ್ಕಳಿಗೆ ನಕ್ಷತ್ರ ತೋರಿಸುತ್ತಿದ್ದರು. "ನೋಡು, ಇವತ್ತು ಆರುನೂರು ಏಳುನೂರು ಉಳೀತು" ಎಂದು ಒಳಗೆ ಬಂದು ಖುಷಿಯಲ್ಲೇ ಹೇಳಿದರು. ಅವರದು ಕೆಟ್ಟ ಮನಸ್ಸಲ್ಲ. ನಮ್ಮ ಮನೆಗಳಲ್ಲಿ ಹೆಂಗಸರ ದುಡಿಮೆ ಲೆಕ್ಕದ ಪುಸ್ತಕಕ್ಕೆ ಏರುವುದೇ ಇಲ್ಲವಾದ್ದರಿಂದ, ಅದು ಖರ್ಚಾದಾಗ ಖರ್ಚು ಅನ್ನಿಸುವುದಿಲ್ಲ. ಇಬ್ಬರು ಹೆಂಗಸರ ರಜೆಯ ಎರಡೆರಡು ಗಂಟೆಗೆ ಏಳುನೂರು ರೂಪಾಯಿ ಎಂದರೆ ಯಾರಿಗೆ ಉಳಿಯಿತು, ಯಾರದ್ದು ಹೋಯಿತು ಎಂದು ಕೇಳಬೇಕಾಗುತ್ತದೆ. ನಾನು ಕೇಳಿದೆ. ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. ಎರಡನೆಯ ರಾತ್ರಿ ಕುಕ್ಕರ್ ತೊಳೆದವರು ಅವರು. ಮೂರನೆಯ ದಿನ ಬೆಳಿಗ್ಗೆ ಬಜಾರಿನಲ್ಲಿ ಒಳ್ಳೆಯ ಹೋಟೆಲು ಹುಡುಕಿಕೊಂಡು ಬಂದವರೂ ಅವರೇ!

ಹಾಗೆಂದು ಅತ್ತೆಯ ಡಬ್ಬಿಯನ್ನು ನಾನು ಹಳಿಯುವುದಿಲ್ಲ. ಕುಕ್ಕರಿಗೂ ಡಬ್ಬಿಗೂ ಅಜಗಜಾಂತರ. ಡಬ್ಬಿಯ ಕೆಲಸ ಊರಿನಲ್ಲೇ ಮುಗಿದಿರುತ್ತದೆ; ಅಲ್ಲಿ ಮುಚ್ಚಳ ತೆಗೆದರಾಯಿತು. ಅದರ ನಿಜವಾದ ಬೆಲೆ ತಿಳಿದದ್ದು ಹ್ಯಾವ್ಲಾಕ್‌ನಲ್ಲಿ, ಸೂರ್ಯನ ದೆಸೆಯಿಂದ.

ಬೆಂಗಳೂರಿಗಿಂತ ಪೋರ್ಟ್ ಬ್ಲೇರ್ ಸುಮಾರು 15 ಡಿಗ್ರಿ ಪೂರ್ವಕ್ಕಿದೆ. ಗಡಿಯಾರ ಮಾತ್ರ ಇಡೀ ದೇಶಕ್ಕೆ ಒಂದೇ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಅಲ್ಲಿನ ಸೂರ್ಯ ನಮಗಿಂತ ಹೆಚ್ಚುಕಡಿಮೆ ಒಂದು ಗಂಟೆ ಮುಂದೆ. ನಾವು ಹೋದ ಚಳಿಗಾಲದಲ್ಲಿ ಐದೂವರೆಗೆಲ್ಲ ಬೆಳಕು ಹರಿದು, ಸಂಜೆ ಐದೂವರೆಯ ಹೊತ್ತಿಗೆ ಕತ್ತಲು ಕವಿಯುತ್ತಿತ್ತು. ರೆಸಾರ್ಟಿನ ಅಡುಗೆಮನೆಗೆ ಇದು ಯಾವುದೂ ಗೊತ್ತಿಲ್ಲ. ಬಾಡಿಗೆಯಲ್ಲೇ ಸೇರಿದ ತಿಂಡಿ ಬೆಳಿಗ್ಗೆ ಏಳೂವರೆಯಿಂದ, ರಾತ್ರಿ ಊಟ ಏಳೂವರೆಗೆ. ಬೆಳಕಿಗೆ ಎಚ್ಚರವಾದ ಮಕ್ಕಳಿಗೆ ಆರಕ್ಕೇ ಹಸಿವು. ಕಡಲು ತಣ್ಣಗೆ, ಖಾಲಿಯಾಗಿ ಇರುವ ಹೊತ್ತೂ ಅದೇ. ತಿಂಡಿಗೆ ಕಾದು, ತಿಂದು, ಕಡಲಿಗೆ ಹೊರಡುವಷ್ಟರಲ್ಲಿ ಒಂಬತ್ತಾಗಿ ಮರಳು ಕಾಲು ಸುಡುತ್ತದೆ. ಪುಕ್ಕಟೆ ತಿಂಡಿಗಾಗಿ ದಿನದ ಒಳ್ಳೆಯ ಮೂರು ಗಂಟೆ ಕೊಟ್ಟಂತಾಯಿತು. ಹಾಗೆ ಕಳೆದ ಬೆಳಗನ್ನು ತುಂಬಿಕೊಳ್ಳಲು ಮಧ್ಯಾಹ್ನ ದುಡ್ಡು ಕೊಟ್ಟು ಇನ್ನೊಂದು ಮನರಂಜನೆ ಹುಡುಕಬೇಕು. ಸಂಜೆಯದೂ ಇದೇ ಪಾಡು. ಕತ್ತಲಾಗಿ ಎರಡು ಗಂಟೆ ಊಟವಿಲ್ಲ. ಆ ಸಂದಿಯಲ್ಲಿ ಫ್ರೆಂಚ್ ಫ್ರೈಸ್, ಪಕೋಡ, ಹಾಟ್ ಚಾಕ್ಲೇಟ್ ಕೋಣೆಗೆ ಬರುತ್ತವೆ. ನಮ್ಮ ಮೊದಲ ದಿನದ ಬಿಲ್ಲಿನಲ್ಲಿ ಊಟಕ್ಕಿಂತ ಈ ಸಂದಿಯ ತಿನಿಸೇ ಹೆಚ್ಚಿತ್ತು. ಮರುದಿನದಿಂದ ಬೆಳಿಗ್ಗೆ ಅವಲಕ್ಕಿ ಬಾಳೆಹಣ್ಣು ತಿಂದು ಐದೂವರೆಗೆ ಕಡಲು, ಒಂಬತ್ತಕ್ಕೆ ವಾಪಸ್ ಬಂದು ಅವರ ತಿಂಡಿ ಹೊಟ್ಟೆ ತುಂಬ, ಸಂಜೆ ಆರೂವರೆಗೆ ಬಜಾರಿನಲ್ಲಿ ಊಟ ಎಂದು ಬದಲಿಸಿದೆವು. ಮಧ್ಯಾಹ್ನದ ಊಟದ ಅಗತ್ಯವೇ ಹೊರಟುಹೋಯಿತು. ಒಂದು ಎಳನೀರು, ಅದರ ಗಂಜಿ, ನಿದ್ದೆ.

ಬಿಲ್ಲಿನ ಬಗ್ಗೆ ಇನ್ನೆರಡು ಮಾತು ಹೇಳಿಬಿಡುತ್ತೇನೆ. ದಿನದ ಬಾಡಿಗೆ 7,500 ರೂಪಾಯಿ ದಾಟುವ ಹೋಟೆಲಿನ ಒಳಗೆ ಉಂಡರೆ ಊಟಕ್ಕೆ ಶೇ. 18 ಜಿಎಸ್‌ಟಿ, ಹೊರಗಿನ ಸಾಮಾನ್ಯ ಹೋಟೆಲಿನಲ್ಲಿ ಶೇ. 5. ಅದೇ ಬೇಳೆ, ಅದೇ ಅನ್ನ. ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ಹಾಕಿದ್ದಾರೆಂದು ಜಗಳಕ್ಕೆ ಹೋಗಬೇಡಿ. ಹೋಟೆಲು ರೆಸ್ಟೊರೆಂಟುಗಳು ಹಾಗೆ ಮಾರಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಹೊರಗಿನ ಅಂಗಡಿಯಲ್ಲಿ ದೊಡ್ಡ ಕ್ಯಾನ್ ಕೊಂಡು ಕೋಣೆಯಲ್ಲಿಟ್ಟರೆ ಜಗಳದ ಪ್ರಮೇಯವೇ ಇಲ್ಲ. ಕೇಳದೆಯೇ ಸೇರಿಸಿದ ಸರ್ವಿಸ್ ಚಾರ್ಜ್ ವಿಷಯದಲ್ಲಿ ಮಾತ್ರ ಬಾಯಿ ಬಿಡಬಹುದು. ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. ಆ ದುಡ್ಡು ಕೊಡುವುದು ಬಿಡುವುದು ನಮ್ಮಿಷ್ಟ.

ಇನ್ನು ಆಟ, ತಿರುಗಾಟ. ಊಟದಲ್ಲಿ ಗಾಬರಿ ಹಸಿವಿನದಾದರೆ ಇಲ್ಲಿ 'ಮಿಸ್ ಆಗಿಬಿಟ್ಟರೆ' ಎಂಬುದು. ಜೆಟ್ ಸ್ಕೀ, ಬನಾನಾ ರೈಡ್, ಗಾಜಿನ ತಳದ ದೋಣಿ, ಸೀ ವಾಕ್ ಎಂದು ಲ್ಯಾಮಿನೇಟ್ ಮಾಡಿದ ಪಟ್ಟಿ ಹಿಡಿದು ನಿಂತವರ ಮುಂದೆ ತಂದೆತಾಯಿ ಮಕ್ಕಳ ಮುಖ ನೋಡುತ್ತಾರೆ, ಅಷ್ಟು ಸಾಕು. ಜೆಟ್ ಸ್ಕೀ ಗೋವಾದಲ್ಲೂ ಅದೇ, ಮಲ್ಪೆಯಲ್ಲೂ ಅದೇ. ಸಾವಿರ ಮೈಲಿ ಹಾರಿ ಬಂದು ಅದೇ ಯಂತ್ರದ ಮೇಲೆ ಐದು ನಿಮಿಷ ಕೂರಬೇಕೆ? ಅಂಡಮಾನಿನಲ್ಲಿ ಮಾತ್ರ ಇರುವುದು ಯಾವುದು ಎಂದು ಕೇಳಿಕೊಂಡರೆ ಪಟ್ಟಿ ಚಿಕ್ಕದಾಗುತ್ತದೆ. ವಿಚಿತ್ರವೆಂದರೆ ಆ ಪಟ್ಟಿಯಲ್ಲಿ ಉಳಿಯುವುದರಲ್ಲಿ ಬಹಳಷ್ಟು ಅಗ್ಗ, ಕೆಲವು ಪುಕ್ಕಟೆ. ಸೆಲ್ಯುಲರ್ ಜೈಲಿನ ಏಳು ತೋಳುಗಳಲ್ಲಿ ಉಳಿದ ಮೂರರ ಉದ್ದಕ್ಕೂ ನಡೆದು ಒಂದೊಂದು ಕೋಣೆಯ ಚಿಲಕ ಎಲ್ಲಿದೆ, ಒಳಗಿನವನ ಕೈಗೆ ಯಾಕೆ ಎಟುಕುತ್ತಿರಲಿಲ್ಲ ಎಂದು ಹನ್ನೆರಡು ವರ್ಷದ ಮಗಳು ತಾನೇ ಕಂಡುಹಿಡಿದಳು. ಹ್ಯಾವ್ಲಾಕ್‌ನ ರಾಧಾನಗರ ಕಡಲತೀರದಲ್ಲಿ ಮರಳೇ ಆಟ.

ನೀಲ್ ದ್ವೀಪದ ಲಕ್ಷ್ಮಣಪುರದಲ್ಲಿ ಕಲ್ಲಿನ ಕಮಾನೊಂದಿದೆ. ಅಲ್ಲಿನ ಬಂಗಾಳಿಗಳು ತಮಾಷೆಗೆ ಹೌರಾ ಬ್ರಿಜ್ ಅನ್ನುತ್ತಾರೆ. ಕಡಲು ಇಳಿದಾಗ ಮಾತ್ರ ಅದರ ಬುಡಕ್ಕೆ ನಡೆದು ಹೋಗಬಹುದು; ಭರತದ ಹೊತ್ತಿಗೆ ಹೋದವರು ದೂರದಿಂದ ಫೋಟೊ ಹೊಡೆದು 'ಇಷ್ಟೇನಾ' ಎಂದು ವಾಪಸಾಗುತ್ತಾರೆ. ದಿನಕ್ಕೆರಡು ಇಳಿತ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಇನ್ನೂ ದೂರ ಸರಿಯುತ್ತದೆ. ನಮ್ಮ ಕರಾವಳಿಯವರಿಗೆ ಇದೆಲ್ಲ ಹೇಳಿಕೊಡಬೇಕಿಲ್ಲ. ಬೆಂಗಳೂರಿನ ನನಗೆ ಗೊತ್ತಿರಲಿಲ್ಲ, ಕುಂದಾಪುರದಲ್ಲಿ ಹುಟ್ಟಿ ಬೆಳೆದ ಅತ್ತೆ ಹೇಳಿದರು. ಹುಣ್ಣಿಮೆಯ ಮರುದಿನ ಇಳಿತದ ಹೊತ್ತು ವಿಚಾರಿಸಿಕೊಂಡು ಹೋದೆವು. ಬಂಡೆಗಳ ನಡುವೆ ಅಲ್ಲಲ್ಲಿ ನಿಂತ ನೀರು, ಅದರೊಳಗೆ ಕಪ್ಪಗೆ ಬಿದ್ದುಕೊಂಡ ಸಮುದ್ರ ಸೌತೆ, ಬೆರಳುದ್ದದ ನೀಲಿ ಮೀನು, ತುಟಿ ಮುಚ್ಚಿಕೊಳ್ಳುವ ದೊಡ್ಡ ಚಿಪ್ಪು. ಊರಿನ ಹುಡುಗನೊಬ್ಬನನ್ನು ಗೈಡ್ ಆಗಿ ಕರೆದುಕೊಂಡಿದ್ದೆವು. ಅವನು ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟೆವು. ಏಳು ವರ್ಷದ ಮಗ ಒಂದೇ ಹೊಂಡದ ಮುಂದೆ ಮುಕ್ಕಾಲು ಗಂಟೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಅವನನ್ನು ಎಬ್ಬಿಸಿ ಮುಂದಿನ ಪಾಯಿಂಟಿಗೆ ಹೊರಡಿಸಬೇಕಾದ ಟ್ಯಾಕ್ಸಿ ನಮ್ಮ ಬಳಿ ಇರಲಿಲ್ಲ. ಬಾಡಿಗೆ ಸೈಕಲ್ಲು, ಅತ್ತೆಗೊಂದು ಆಟೊ.

'ವರ್ಷಕ್ಕೊಮ್ಮೆ, ಎಷ್ಟೋ ಜನಕ್ಕೆ ಜೀವಮಾನಕ್ಕೊಮ್ಮೆ ಹೋಗೋದು. ಅಲ್ಲೂ ಲೆಕ್ಕ ಹಾಕುತ್ತ ಕೂರಬೇಕಾ?' ಎಂದು ಕೇಳುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕಲು ನನಗೆ ಧೈರ್ಯವಿಲ್ಲ. ಲೆಕ್ಕ ಹಾಕುವುದೇ ಒಂದು ದಣಿವು. ಸಕ್ಕರೆ ಕಾಯಿಲೆಯ ಅಪ್ಪನನ್ನು ಹೊತ್ತುಹೊತ್ತಿಗೆ ಉಣ್ಣಿಸಬೇಕಾದವರು ಮೂರು ಹೊತ್ತಿನ ಊಟವೂ ಸೇರಿದ ಎಪಿ ಪ್ಲಾನ್ ತೆಗೆದುಕೊಂಡರೆ ಅದು ದಂಡವಲ್ಲ, ಔಷಧ. ನಿಧಾನವಾಗಿ ತಿರುಗುವುದಕ್ಕೂ ರಜೆ ಬೇಕು, ಅದು ಎಲ್ಲರಿಗೂ ಸಿಗುವುದಿಲ್ಲ ಎಂಬ ಮಾತೂ ನಿಜ. ಆದರೆ ನಾನು ಹೇಳುತ್ತಿರುವುದು ದಿನ ಹೆಚ್ಚಿಸುವುದನ್ನಲ್ಲ, ಜಾಗ ಕಡಿಮೆ ಮಾಡುವುದನ್ನು. ಆರು ರಾತ್ರಿಯಲ್ಲಿ ನಾಲ್ಕು ಕಡೆ ಹಾಸಿಗೆ ಬದಲಿಸುವ ಪ್ಯಾಕೇಜಿನಲ್ಲಿ ಪ್ರತಿ ಬದಲಾವಣೆಗೂ ಐದು ಹಡಗಿನ ಟಿಕೆಟ್, ಎರಡು ಆಟೊ, ಜೆಟ್ಟಿಯಲ್ಲಿ ಕಾಯುವಾಗಿನ ಚಿಪ್ಸು. ಖಾಸಗಿ ಹಡಗಿನ ಒಂದು ಟಿಕೆಟ್ಟೇ ಸಾವಿರ ದಾಟುತ್ತದೆ. ಸರ್ಕಾರಿ ಹಡಗು ನಿಧಾನ, ತುಂಬ ಅಗ್ಗ, ಡೆಕ್ಕಿನ ಮೇಲೆ ನಿಂತು ಗಾಳಿ ಕುಡಿಯಬಹುದು. ಟಿಕೆಟ್ ಸಿಗುವುದು ಮಾತ್ರ ಅದೃಷ್ಟದ ಮೇಲೆ.

ನಮ್ಮ ಪಟ್ಟಿಯಿಂದ ಮೊದಲು ಹೊಡೆದು ಹಾಕಿದ್ದು ಬಾರಾತಾಂಗ್. ಸುಣ್ಣಕಲ್ಲಿನ ಗುಹೆ ನೋಡಲು ನಸುಕಿನ ಮೂರು ಗಂಟೆಗೆ ಎದ್ದು ಹೊರಡುವ ಪ್ರವಾಸ ಅದು. ರಸ್ತೆಯಲ್ಲಿ ಹೋದರೆ ಜಾರವಾ ಬುಡಕಟ್ಟಿನ ಮೀಸಲು ಕಾಡನ್ನು ಸೀಳಿಕೊಂಡು ಹೋಗಬೇಕು. ಆ ಭಾಗದ ರಸ್ತೆ ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶಿಸಿತ್ತು. ವಾಹನಗಳ ಸಾಲು ಇನ್ನೂ ಹೋಗುತ್ತಲೇ ಇದೆ. ಗುಹೆಗಿಂತ 'ದಾರಿಯಲ್ಲಿ ಅವರು ಕಾಣಿಸಬಹುದು' ಎಂಬುದನ್ನೇ ಆಕರ್ಷಣೆಯಂತೆ ನಮಗೆ ಫೋನಿನಲ್ಲಿ ಹೇಳಿದ ಏಜೆಂಟನ ದನಿ ಇನ್ನೂ ನೆನಪಿದೆ. ಅಲ್ಲಿ ಉಳಿದದ್ದು ಟ್ಯಾಕ್ಸಿಯ ದುಡ್ಡು ಮಾತ್ರ ಅಲ್ಲ ಅಂದುಕೊಂಡಿದ್ದೇನೆ.

ಉಳಿಸಲೇಬಾರದ ಕಡೆ ಉಳಿಸುವುದೂ ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ರೆಸಾರ್ಟಿನ ಕಾಫಿಗೆ ತುಟಿ ಎರಡು ಮಾಡದೆ ಸಹಿ ಹಾಕಿದ ನಾವು ಕಡಲತೀರದ ಎಳನೀರಿನವಳ ಹತ್ತಿರ ಹತ್ತು ರೂಪಾಯಿಗೆ ಚೌಕಾಶಿಗೆ ನಿಂತೆವು. ಅಚ್ಚಾದ ಬೆಲೆಗೆ ತಲೆಬಾಗುವುದು, ಬಾಯಿಮಾತಿನ ಬೆಲೆಯ ಮೇಲೆ ಮಾತ್ರ ನಮ್ಮ ಜಾಣತನ. ಮಗಳೇ "ಅಜ್ಜೀ, ಬಿಡಿ" ಎಂದಳು. ಉಳಿಸಬಾರದ ಇನ್ನೊಂದು ಜಾಗ ಸುರಕ್ಷತೆ. ಸ್ವಂತ ಸ್ನಾರ್ಕಲ್ ಮಾಸ್ಕ್ ಕೊಂಡೊಯ್ದರೆ ಬಾಡಿಗೆ ಉಳಿಯುತ್ತದೆ, ನಿಜ. ಹಾಗೆಂದು ಕಂಡಲ್ಲಿ ಮುಳುಗಲು ಅದು ಪರವಾನಗಿ ಅಲ್ಲ. ಹ್ಯಾವ್ಲಾಕ್‌ನ ನೀಲ್ಸ್ ಕೋವ್‌ನಲ್ಲಿ 2010ರಲ್ಲಿ ಸ್ನಾರ್ಕ್ಲಿಂಗ್ ಮಾಡುತ್ತಿದ್ದ ಅಮೆರಿಕದ ಪ್ರವಾಸಿಯನ್ನು ಉಪ್ಪುನೀರಿನ ಮೊಸಳೆ ಕೊಂದಿತ್ತು.

ಸ್ಕೂಬಾ ಒಂದರಲ್ಲಿ ನಾವು ದುಡ್ಡು ನೋಡಲಿಲ್ಲ. ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಇದನ್ನೇ ಮಾಡಬಹುದೆಂದು ಗಂಡ ನೆನಪಿಸಿದರು, ಒಪ್ಪತಕ್ಕ ಮಾತೇ. ಆದರೆ ಹತ್ತು ತುಂಬಿದವರಿಗೆ ಮಾತ್ರ ಅವಕಾಶವಿದ್ದ ಆ ಆಟಕ್ಕೆ ಮಗಳು ಎರಡು ವರ್ಷದಿಂದ ಕಾದಿದ್ದಳು. ಮೂರು ಕಡೆ ವಿಚಾರಿಸಿ, ಅಗ್ಗದವರನ್ನು ಬಿಟ್ಟು, ಒಬ್ಬರಿಗೊಬ್ಬ ತರಬೇತುದಾರನನ್ನು ಕೊಡುವವರನ್ನು ಆರಿಸಿದೆವು. ನೀರಿಗಿಳಿದ ಮೇಲೆ ಕನಿಷ್ಠ 12 ಗಂಟೆ ವಿಮಾನ ಹತ್ತಬಾರದಾದ್ದರಿಂದ ಹೊರಡುವ ಎರಡು ದಿನ ಮೊದಲೇ ಅದನ್ನು ಇಟ್ಟುಕೊಂಡಿದ್ದೆವು.

ಅರ್ಧ ಗಂಟೆಯ ಮೇಲೆ ದಡಕ್ಕೆ ಬಂದವಳ ಮೂಗಿನ ಸುತ್ತ ಮಾಸ್ಕಿನ ಕೆಂಪು ಗೆರೆ. ಏನು ನೋಡಿದೆ ಎಂದರೆ ಮೀನಿನ ಹೆಸರು ಒಂದೂ ಬರಲಿಲ್ಲ. "ಒಳಗೆ ಎಷ್ಟು ಸೈಲೆಂಟಾಗಿದೆ ಗೊತ್ತಾ ಅಮ್ಮ, ನನ್ನ ಉಸಿರು ನನಗೇ ಕೇಳಿಸ್ತಿತ್ತು" ಎಂದಳು, ಮತ್ತೆ ಸುಮ್ಮನಾದಳು. ಅತ್ತೆ ಟವೆಲ್ ಹೊದಿಸಿ ಡಬ್ಬಿಯ ಮುಚ್ಚಳ ತೆಗೆದರು. ತಳದಲ್ಲಿ ಎರಡು ಹಿಡಿ ಅವಲಕ್ಕಿ ಉಳಿದಿತ್ತು. ಅವಳು ತಿನ್ನುವುದನ್ನು ನೋಡುತ್ತ, ನನ್ನ ಕಡೆ ತಿರುಗದೆಯೇ ಕೇಳಿದರು: "ಎಷ್ಟಾಯ್ತೇ ಇದಕ್ಕೆ?"

ನಾನು ಸಾವಿರ ರೂಪಾಯಿ ಕಡಿಮೆ ಮಾಡಿ ಹೇಳಿದೆ.